ಒದ್ದೆ ಬಟ್ಟೆ ಹೊದ್ದ ಪಂಪು

ಬೇಸಿಗೆಯ ಮಧ್ಯಾಹ್ನ ಘಾಟಿ ಹತ್ತುತ್ತಿದ್ದ ಅಂಬಾಸಿಡರ್ ಕಾರು ಮುಕ್ಕರಿಸಿ ನಿಂತರೆ ಚಾಲಕರು ಬಾನೆಟ್ ಎತ್ತಿ, ಎಂಜಿನ್ನಿನ ಬದಿಗೆ ಅಂಟಿಕೊಂಡ ಮುಷ್ಟಿಗಾತ್ರದ ಲೋಹದ ಬುರುಡೆಯೊಂದಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಾರು ಮತ್ತೆ ಹೊರಡುತ್ತಿತ್ತು. ನೋಡುವವರಿಗೆ ಇದು ಜ್ವರ ಬಂದವರ ಹಣೆಗೆ ಪಟ್ಟಿ ಹಾಕಿದಂತೆ ಕಾಣುತ್ತಿತ್ತು. ಚಿಕಿತ್ಸೆಯೂ ಹೆಚ್ಚುಕಡಿಮೆ ಅದೇ. ಆ ಬುರುಡೆ ಇಂಧನ ಪಂಪು. ಕಾವೇರಿದಾಗ ಅದರೊಳಗಿನ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ಮುಂದಕ್ಕೆ ತಳ್ಳಬಲ್ಲ ಪಂಪು ಆವಿಯೆದುರು ಸೋಲುತ್ತದೆ.

ಮೋಟಾರು ಯುಗದ ಆರಂಭದಲ್ಲಿ ಇಂಥ ಪಂಪು ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಮುಂದಿನ ಆಸನದ ಕೆಳಗಿತ್ತು. ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರು ಎದುರಾದರೆ ಎಂಜಿನ್ನೇ ಟ್ಯಾಂಕಿಗಿಂತ ಮೇಲಾಗಿ ಹರಿವು ನಿಲ್ಲುತ್ತಿತ್ತು. ಆಗ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸುತ್ತಿದ್ದರು! ಆಮೇಲೆ ಎಂಜಿನ್ನಿನ ಹೀರುವ ಬಲದಿಂದ ಪೆಟ್ರೋಲನ್ನು ಮೇಲಿನ ಚಿಕ್ಕ ತೊಟ್ಟಿಗೆ ಸೆಳೆಯುವ ಉಪಾಯ ಬಂತು. ಆದರೆ ಆ ಬಲ ಉದ್ದನೆಯ ಏರಿನಲ್ಲಿ, ಅಂದರೆ ಬೇಕಾದಾಗಲೇ, ಕುಗ್ಗುತ್ತಿತ್ತು. 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಬಳಕೆಗೆ ಬಂದ ಯಾಂತ್ರಿಕ ಪಂಪು ಈ ತಾಪತ್ರಯ ತಪ್ಪಿಸಿತು. ಟ್ಯಾಂಕು ನಿಶ್ಚಿಂತೆಯಿಂದ ಕಾರಿನ ಹಿಂಬದಿಗೆ ಹೋಯಿತು.

ಇದರ ಜಾಣತನ ಇರುವುದು ಸರಳತೆಯಲ್ಲಿ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಸನ್ನೆಯನ್ನು ಒತ್ತುತ್ತದೆ; ಸನ್ನೆ ಡಯಾಫ್ರಮ್ ಎಂಬ ಪೊರೆಯನ್ನು ಎಳೆದು ಪೆಟ್ರೋಲು ಹೀರುತ್ತದೆ. ಅದನ್ನು ಮುಂದಕ್ಕೆ ತಳ್ಳುವುದು ಮಾತ್ರ ಸ್ಪ್ರಿಂಗು. ಕಾರ್ಬುರೇಟರು ತುಂಬಿದ್ದರೆ ಸ್ಪ್ರಿಂಗು ತಳ್ಳಲಾರದೆ ಸುಮ್ಮನಿರುತ್ತದೆ, ಸನ್ನೆ ಬರಿದೆ ಆಡುತ್ತದೆ. ಕೇಳಿದಷ್ಟೇ ಕೊಡುವ ಗುಣ ಇದಕ್ಕೆ ಹುಟ್ಟಿನಿಂದಲೇ ಬಂದದ್ದು.

ಪೊರೆ ಹರಿದರೆ ಮಾತ್ರ ಕಷ್ಟ. ಪೆಟ್ರೋಲು ಹೊರಗೆ ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ, ವಾಸನೆಯೂ ಹೇಳುತ್ತದೆ. ಎಂಜಿನ್ನಿನೊಳಗೆ ಇಳಿದರೆ ಎಣ್ಣೆ ತೆಳ್ಳಗಾಗಿ ಬೇರಿಂಗುಗಳು ಸದ್ದಿಲ್ಲದೆ ಸವೆಯುತ್ತವೆ. ಆಗ ಪಂಪು ಬದಲಿಸಿದರಷ್ಟೇ ಸಾಲದು, ಎಣ್ಣೆಯನ್ನೂ ಬದಲಿಸಬೇಕು.

ಬದಲಿಸುವ ಕೆಲಸ ದೊಡ್ಡದಲ್ಲ. ಬ್ಯಾಟರಿಯ ತಂತಿ ಕಳಚಿ, ಟ್ಯಾಂಕಿನಿಂದ ಬರುವ ಕೊಳವೆಗೆ ಬಿರಡೆ ಹಾಕಿ, ಸಾಮಾನ್ಯವಾಗಿ ಎರಡೇ ಬೋಲ್ಟುಗಳನ್ನು ಬಿಚ್ಚಿದರೆ ಪಂಪು ಕೈಗೆ ಬರುತ್ತದೆ. ಎಡವುವುದು ಅದರ ಹಿಂದಿನ ದಪ್ಪ ಪ್ಯಾಕಿಂಗಿನಲ್ಲಿ. ಎಂಜಿನ್ನಿನ ಬಿಸಿ ತಡೆಯುವ ಆ ತುಂಡೇ ಸನ್ನೆಯ ಅಳತೆಯನ್ನೂ ನಿರ್ಧರಿಸುತ್ತದೆ. ತೆಳುವಾದರೆ ಸನ್ನೆ ಮಿತಿಮೀರಿ ಬಾಗಿ ಮುರಿದೀತು. ದಪ್ಪವಾದರೆ ಪೊರೆ ಪೂರಾ ಎಳೆಯದು. ಕ್ಯಾಮಿನ ಉಬ್ಬು ಆಚೆಗಿರುವಂತೆ ಎಂಜಿನ್ನನ್ನು ತಿರುಗಿಸಿಕೊಂಡರೆ ಹೊಸ ಪಂಪು ಗುದ್ದಾಟವಿಲ್ಲದೆ ಕೂರುತ್ತದೆ. ಹಲವು ಪಂಪುಗಳಿಗೆ ಕೈಯಿಂದ ಒತ್ತುವ ಪುಟ್ಟ ಹಿಡಿಯೂ ಉಂಟು. ಒತ್ತಿದಾಗ ಅದು ಸಡಿಲವೆನಿಸಿದರೆ ಪಂಪು ಕೆಟ್ಟಿದೆಯೆಂದು ಎಸೆದವರಿದ್ದಾರೆ. ಎಂಜಿನ್ನನ್ನು ಇನ್ನೊಂದಿಷ್ಟು ತಿರುಗಿಸಿದ್ದರೆ ಸಾಕಿತ್ತು.

ಕಾರ್ಬುರೇಟರಿನ ಜೊತೆಗೇ ಈ ಪಂಪಿನ ಕಾಲವೂ ಮುಗಿಯಿತು. ಪೆಟ್ರೋಲನ್ನು ಸಿಂಪಡಿಸುವ ಇಂಜೆಕ್ಷನ್ ಎಂಜಿನ್ನುಗಳಿಗೆ ಇದರ ಮೆಲುಒತ್ತಡ ಸಾಲದು. ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿತು. ಉಳಿದ ಹಳೆಯ ಕಾರುಗಳಿಗೆ ಈಗ ಹೊಸ ಸಂಕಟ ಎಥನಾಲಿನದು. ಪೆಟ್ರೋಲಿನಲ್ಲಿ ಅದರ ಪ್ರಮಾಣ 2022ರಲ್ಲಿ ಶೇ 10ನ್ನು, 2025ರಲ್ಲಿ ಶೇ 20ನ್ನು ಮುಟ್ಟಿತು. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಪಾಲೂ ಅದರಲ್ಲುಂಟು. ಬೆಳೆಗಾರರಿಗೆ ಅದು ಒಳ್ಳೆಯ ಸುದ್ದಿಯಾದರೂ, ಹಿಂದಿನ ಕಾಲದ ರಬ್ಬರಿನ ಪೊರೆ ಎಥನಾಲಿನಲ್ಲಿ ಉಬ್ಬಿ, ಗಟ್ಟಿಯಾಗಿ, ಬಿರಿಯಬಹುದು. ಗುಜರಿಯಲ್ಲಿ ಸಿಕ್ಕ ‘ಅಸಲಿ’ ಹಳೆಯ ಪಂಪು ಹಾಕಿ ಹೆಮ್ಮೆಪಡುವವರು ಇದನ್ನು ಗಮನಿಸುವುದಿಲ್ಲ. ಎಥನಾಲ್ ತಾಳುವ ಪೊರೆಯ ಕಿಟ್ ಹಾಕಿಸುವುದೇ ಲೇಸು.

ಕೆಲವರು ವಿದ್ಯುತ್ ಪಂಪು ಜೋಡಿಸುತ್ತಾರೆ. ಅದೂ ಒಂದು ದಾರಿಯೇ, ಆದರೆ ಒಂದು ವ್ಯತ್ಯಾಸವಿದೆ. ಎಂಜಿನ್ ನಿಂತರೆ ಯಾಂತ್ರಿಕ ಪಂಪು ತಾನೂ ನಿಲ್ಲುತ್ತದೆ. ಅಪಘಾತದಲ್ಲಿ ಕೊಳವೆ ಹರಿದು ಎಂಜಿನ್ ನಿಂತರೂ, ಕಡಿತದ ಸ್ವಿಚ್ಚಿಲ್ಲದ ವಿದ್ಯುತ್ ಪಂಪು ಪೆಟ್ರೋಲು ಸುರಿಸುತ್ತಲೇ ಇರುತ್ತದೆ.