ಸಂಘ ಸಂಸ್ಥೆಗಳನ್ನು ನಡೆಸುವ ಮತ್ತು ಬೆಳೆಸುವ ಬಗೆ

ಕರಾವಳಿಯ ಯಾವ ಊರಿಗೆ ಹೋದರೂ ಒಂದೆರಡು ಸಂಘಗಳ ಬೋರ್ಡು ಕಣ್ಣಿಗೆ ಬೀಳುತ್ತದೆ. ಯುವಕ ಮಂಡಲ, ಮಹಿಳಾ ಮಂಡಲ, ಹಳೆ ವಿದ್ಯಾರ್ಥಿ ಸಂಘ, ಕಲಾ ಸಂಘ, ಕ್ರೀಡಾ ಸಂಘ - ಸಂಘ ಕಟ್ಟುವುದರಲ್ಲಿ ನಮ್ಮವರು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೆ ಉದ್ಘಾಟನೆಯ ದಿನ ಕಿಕ್ಕಿರಿದಿದ್ದ ಸಭಾಂಗಣದಲ್ಲಿ ಐದನೆಯ ವರ್ಷದ ಮಹಾಸಭೆಗೆ ಹತ್ತು ಜನ ಸೇರುವುದು ಕಷ್ಟವಾಗುವುದನ್ನೂ ನಾವು ಕಾಣುತ್ತೇವೆ. ಇಂತಹ ಸಂಘ ಮುಚ್ಚಿದಾಗ ಬರೀ ಒಂದು ಬೋರ್ಡು ಕೆಳಗಿಳಿಯುವುದಿಲ್ಲ. ಬಡ ಮಕ್ಕಳ ಶಾಲಾ ಶುಲ್ಕಕ್ಕೆಂದು ಕೂಡಿಟ್ಟ ನಿಧಿ, ಊರವರು ಬೆವರು ಸುರಿಸಿ ಕಟ್ಟಿದ ಕಟ್ಟಡ, ಎಲ್ಲಕ್ಕಿಂತ ಹೆಚ್ಚಾಗಿ ಒಬ್ಬರ ಮೇಲೊಬ್ಬರಿಗೆ ಇದ್ದ ನಂಬಿಕೆ ಕಳೆದುಹೋಗುತ್ತದೆ.

ಸಾಮಾನ್ಯ ಸದಸ್ಯನಿಗೆ 'ಇದು ನನ್ನ ಸಂಘ' ಎಂದು ಅನ್ನಿಸುವವರೆಗೆ ಸಂಘ ಬೆಳೆಯುತ್ತದೆ. ಆ ಭಾವನೆ ಭಾಷಣದಿಂದ ಹುಟ್ಟುವುದಿಲ್ಲ. ಪಟ್ಟಿ, ರಶೀದಿ, ಲೆಕ್ಕ, ಸಭೆ ಇವುಗಳ ಶಿಸ್ತಿನಿಂದ ಹುಟ್ಟುತ್ತದೆ. ಹೊಸದಾಗಿ ಹೊಣೆ ಹೊತ್ತ ಪದಾಧಿಕಾರಿಗಳಿಗೆ ಉಪಯೋಗವಾಗಲೆಂದು ಮುಖ್ಯ ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ನೋಂದಣಿ ಮತ್ತು ಬೈಲಾ

ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಇಂತಹ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾವಣೆಯಾಗುತ್ತವೆ. ಇದಕ್ಕೆ ಕನಿಷ್ಠ ಏಳು ಮಂದಿ ಬೇಕು. ಸಂಘದ ಹೆಸರು, ವಿಳಾಸ, ಉದ್ದೇಶಗಳನ್ನು ತಿಳಿಸುವ ಮೆಮೊರಾಂಡಂ ಮತ್ತು ಸಂಘ ನಡೆಯುವ ಕ್ರಮವನ್ನು ಹೇಳುವ ಬೈಲಾ, ಇವೆರಡನ್ನು ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು.

ಬೈಲಾವನ್ನು ಬೇರೆ ಸಂಘದ್ದನ್ನು ನೋಡಿ ನಕಲು ಮಾಡುವ ವಾಡಿಕೆ ಉಂಟು. ಜಗಳ ಬಂದಾಗ ಅದರ ನಷ್ಟ ಗೊತ್ತಾಗುತ್ತದೆ. ಸದಸ್ಯರಾಗಲು ಯಾರು ಅರ್ಹರು? ಚಂದಾ ಬಾಕಿ ಇದ್ದವರಿಗೆ ಮತದಾನದ ಹಕ್ಕು ಇದೆಯೇ? ಕೋರಂ ಎಷ್ಟು? ಅಧ್ಯಕ್ಷರ ಅವಧಿ ಎಷ್ಟು, ಒಬ್ಬರೇ ಎಷ್ಟು ಸಲ ಆ ಸ್ಥಾನದಲ್ಲಿ ಇರಬಹುದು? ಒಬ್ಬ ಸದಸ್ಯನನ್ನು ತೆಗೆಯುವ ಮೊದಲು ಅವನ ಮಾತನ್ನು ಕೇಳುವ ಕ್ರಮ ಏನು? ಸಂಘ ಮುಚ್ಚಿದರೆ ಆಸ್ತಿ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗಳಿಗೆ ಬೈಲಾದಲ್ಲಿ ಸ್ಪಷ್ಟ ಉತ್ತರ ಇರಲಿ. ಎಲ್ಲರೂ ಪ್ರೀತಿಯಿಂದ ಇರುವಾಗಲೇ ಇವನ್ನು ಬರೆದಿಡುವುದು ಜಾಣತನ.

ಸದಸ್ಯರ ಪಟ್ಟಿ ಮತ್ತು ಚಂದಾ

ಇಂದು ಹಲವು ಸಂಘಗಳಿಗೆ ವಾಟ್ಸಾಪ್ ಗುಂಪೇ ಸದಸ್ಯರ ಪಟ್ಟಿ. ಸುದ್ದಿ ಮುಟ್ಟಿಸಲು ಅದು ಒಳ್ಳೆಯದೇ. ಆದರೆ ಗುಂಪಿನಲ್ಲಿ ಇರುವವರೆಲ್ಲ ಸದಸ್ಯರಲ್ಲ, ಸದಸ್ಯರೆಲ್ಲ ಗುಂಪಿನಲ್ಲಿ ಇರುವುದೂ ಇಲ್ಲ. ಫೋನ್ ಬಳಸಲು ಬಾರದ ಹಿರಿಯರು ಹೀಗೆ ಸದ್ದಿಲ್ಲದೆ ಹೊರಗೆ ಉಳಿಯುತ್ತಾರೆ. ಹೆಸರು, ವಿಳಾಸ, ಸೇರಿದ ದಿನಾಂಕ, ಚಂದಾ ಕೊಟ್ಟ ವಿವರ, ಬಿಟ್ಟುಹೋದ ಅಥವಾ ತೀರಿಹೋದ ದಿನಾಂಕ ಇರುವ ಸದಸ್ಯರ ರಿಜಿಸ್ಟರ್ ಇಡಲೇಬೇಕು. ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಬೇಕು. ಒಟ್ಟು ಸದಸ್ಯರ ಇಂತಿಷ್ಟು ಪಾಲು ಎಂದು ಕೋರಂ ಇಟ್ಟಿರುವ ಕಡೆ, ತೀರಿಹೋದವರ ಹೆಸರು ಪಟ್ಟಿಯಲ್ಲಿ ಉಳಿದರೆ ಕೋರಂ ಎಂದೂ ಕೂಡಿಬರುವುದಿಲ್ಲ.

ಚಂದಾ ಸಣ್ಣದಿರಲಿ, ಆದರೆ ಪ್ರತಿ ವರ್ಷ ಇರಲಿ. ಬಡ ಕುಟುಂಬವೂ ತಲೆ ಎತ್ತಿ ಕೊಡುವಷ್ಟು ಮೊತ್ತ ಇಟ್ಟರೆ ಎಲ್ಲರೂ ಸಮಾನ ಸದಸ್ಯರಾಗುತ್ತಾರೆ. ಆಜೀವ ಸದಸ್ಯತ್ವದಿಂದ ಒಮ್ಮೆಗೆ ದೊಡ್ಡ ಮೊತ್ತ ಬರುತ್ತದೆ. ಅದನ್ನು ಮೊದಲ ವರ್ಷದ ಕಾರ್ಯಕ್ರಮಗಳಿಗೆ ಮುಗಿಸಿದರೆ ಮುಂದೆ ಆ ಸದಸ್ಯರಿಂದ ಬರುವ ಆದಾಯ ಏನೂ ಉಳಿಯುವುದಿಲ್ಲ. ಅದನ್ನು ಠೇವಣಿ ಇಟ್ಟು ಬಡ್ಡಿಯನ್ನು ಮಾತ್ರ ಬಳಸುವುದು ಉತ್ತಮ. ಕೊಟ್ಟ ಪ್ರತಿ ರೂಪಾಯಿಗೂ ಸಂಖ್ಯೆ ಇರುವ ರಶೀದಿ ಕೊಡಬೇಕು. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿದ್ದು, ಹಣ ತೆಗೆಯಲು ಇಬ್ಬರ ಸಹಿ ಬೇಕಾಗಿರಲಿ. ಖಜಾಂಚಿಯ ಸ್ವಂತ ಮೊಬೈಲ್ ಸಂಖ್ಯೆಗೆ ಚಂದಾ ಹಣ ಹಾಕಿಸಿಕೊಳ್ಳುವ ಈಗಿನ ಅಭ್ಯಾಸ, ಖಜಾಂಚಿ ಎಷ್ಟೇ ಪ್ರಾಮಾಣಿಕನಿದ್ದರೂ, ಅವನ ಮೇಲೆಯೇ ಸಂಶಯ ತರುತ್ತದೆ.

ಮಹಾಸಭೆ ಮತ್ತು ಲೆಕ್ಕಪತ್ರ

ಕಾಯ್ದೆಯ ಪ್ರಕಾರ ವರ್ಷಕ್ಕೊಮ್ಮೆ ಮಹಾಸಭೆ ನಡೆಯಬೇಕು. ವರದಿಯನ್ನೂ ಲೆಕ್ಕಪರಿಶೋಧನೆಯಾದ ಲೆಕ್ಕವನ್ನೂ ಸದಸ್ಯರ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕು. ಆ ಬಳಿಕ ಲೆಕ್ಕಪತ್ರವನ್ನೂ ಆಡಳಿತ ಸಮಿತಿಯವರ ಪಟ್ಟಿಯನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಮರೆತ ಸಂಘಗಳು ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಅಥವಾ ಸರಕಾರದ ಅನುದಾನ ಕೇಳಲು ಹೋದಾಗ ತೊಂದರೆಗೆ ಸಿಲುಕುತ್ತವೆ.

ಇದೇ ಕಾಯ್ದೆಯ 25ನೇ ಸೆಕ್ಷನ್ ಸದಸ್ಯರಿಗೆ ಒಂದು ಬಲ ಕೊಟ್ಟಿದೆ. ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಅರ್ಜಿ ಸಲ್ಲಿಸಿದರೆ ನೋಂದಣಾಧಿಕಾರಿಗಳು ಸಂಘದ ವ್ಯವಹಾರದ ವಿಚಾರಣೆ ನಡೆಸಬೇಕಾಗುತ್ತದೆ. ವಿಷಯ ಅಲ್ಲಿಯವರೆಗೆ ಹೋಗದಿರಲು ದಾರಿ ಸರಳ: ಲೆಕ್ಕದ ಪ್ರತಿಯನ್ನು ಸಭೆಗೆ ಮುಂಚೆಯೇ ಸದಸ್ಯರಿಗೆ ಕೊಡಿ, ಪ್ರಶ್ನೆ ಕೇಳುವವನನ್ನು ವಿರೋಧಿ ಎಂದು ಎಣಿಸಬೇಡಿ. ಪ್ರಶ್ನೆ ಕೇಳುವ ಸದಸ್ಯನಿಗೆ ಸಂಘದ ಮೇಲೆ ಇನ್ನೂ ಕಾಳಜಿ ಇದೆ. ಕಾಳಜಿ ಹೋದವನು ಮನೆಯಲ್ಲೇ ಉಳಿಯುತ್ತಾನೆ. ನಡಾವಳಿ ಪುಸ್ತಕದಲ್ಲಿ ತೀರ್ಮಾನಗಳನ್ನೂ, ಯಾರು ಯಾವ ಕೆಲಸ ವಹಿಸಿಕೊಂಡರು ಎಂಬುದನ್ನೂ ಬರೆದು, ಮುಂದಿನ ಸಭೆಯಲ್ಲಿ ಓದಿ ಹೇಳಬೇಕು.

ಹೊರದೇಶದ ಸದಸ್ಯರು ಮತ್ತು ದೇಣಿಗೆ

ಕರಾವಳಿಯ ಸಂಘಗಳಿಗೆ ಗಲ್ಫ್ ದೇಶಗಳಲ್ಲಿ ದುಡಿಯುವವರ ನೆರವು ದೊಡ್ಡದು. ಇಲ್ಲಿ ಒಂದು ವ್ಯತ್ಯಾಸವನ್ನು ಪದಾಧಿಕಾರಿಗಳು ತಿಳಿದಿರಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಕೆನಡಾ, ಇಂಗ್ಲೆಂಡ್ ಮುಂತಾದ ದೇಶಗಳ ಪೌರತ್ವ ಪಡೆದವರು ನಮ್ಮ ಊರಿನವರೇ ಆಗಿದ್ದರೂ ಅವರ ದೇಣಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ವ್ಯಾಪ್ತಿಗೆ ಬರುತ್ತದೆ. ಕೇಂದ್ರ ಗೃಹ ಸಚಿವಾಲಯದ ಅನುಮತಿ ಇಲ್ಲದೆ ಅದನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಅಂತಹ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ದೇಣಿಗೆದಾರರ ಪೌರತ್ವವನ್ನು ಕೇಳಿ ಬರೆದಿಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ.

ಸಂಖ್ಯೆ ಹೆಚ್ಚಿದಾಗ

ಸಂಘ ದೊಡ್ಡದಾದಷ್ಟು ಸದಸ್ಯರ ನಡುವಿನ ಪರಿಚಯ ಕಡಿಮೆಯಾಗುತ್ತದೆ. ಇದಕ್ಕೆ ಹಳೆಯ ಉದಾಹರಣೆಯೊಂದು ನಮಗೆಲ್ಲ ಹತ್ತಿರದ್ದೇ. ನಮ್ಮ ಹಲವು ಧರ್ಮಕೇಂದ್ರಗಳಲ್ಲಿ ಇರುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಶುರುವಾದದ್ದು 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ. ಅದನ್ನು ಕಟ್ಟಿದವರಲ್ಲಿ ಪ್ರಮುಖನಾದ ಫ್ರೆಡರಿಕ್ ಒಜಾನಮ್‌ಗೆ ಅಂದು ಇಪ್ಪತ್ತು ವರ್ಷ ತುಂಬಿತ್ತು. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಆರಂಭವಾದ ಗುಂಪು 1834ರ ಕೊನೆಗೆ ನೂರರ ಆಸುಪಾಸು ಮುಟ್ಟಿತು. ಆಗ ಗುಂಪನ್ನು ಭಾಗ ಮಾಡೋಣ ಎಂದು ಒಜಾನಮ್ ಸೂಚಿಸಿದ. ಗೆಳೆತನ ಒಡೆಯುತ್ತದೆ ಎಂದು ಹಲವರು ನೊಂದರು, ಚರ್ಚೆ ಬಿರುಸಾಯಿತು. ಕೊನೆಗೆ 1835ರಲ್ಲಿ ಗುಂಪು ಭಾಗವಾಯಿತು. ಅದೇ ವರ್ಷ ಎಲ್ಲ ಗುಂಪುಗಳಿಗೂ ಅನ್ವಯಿಸುವ ನಿಯಮಾವಳಿ ಸಿದ್ಧವಾಯಿತು. ಇಂದು ಆ ಸಭೆ ಸುಮಾರು 150 ದೇಶಗಳಲ್ಲಿದೆ. ಇನ್ನೊಂದು ಮಾತು: ಒಜಾನಮ್ ಎಂದೂ ಅದರ ಮಹಾ ಅಧ್ಯಕ್ಷನಾಗಲಿಲ್ಲ.

ಇದರಿಂದ ನಮ್ಮ ಸಂಘಗಳು ಕಲಿಯಬೇಕಾದ್ದು ಇಷ್ಟೇ. ಮುನ್ನೂರು ಸದಸ್ಯರ ಸಂಘವನ್ನು ವಾಡೆ ಅಥವಾ ಕೆಲಸದ ಪ್ರಕಾರ ಸಣ್ಣ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಒಂದು ಸ್ಪಷ್ಟ ಕೆಲಸ ಕೊಡಿ. ಹೊಸಬನಿಗೆ ಸೇರಿದ ತಿಂಗಳಲ್ಲೇ ಕೈಗೊಂದು ಕೆಲಸ ಸಿಗಲಿ. ಕುರ್ಚಿ ಜೋಡಿಸುವುದು ಬಿಟ್ಟು ಬೇರೇನೂ ಸಿಗದ ಯುವಕ ಮರುವರ್ಷ ಬರುವುದಿಲ್ಲ. ಚಂದಾ ನಿಲ್ಲಿಸಿದವರ ಮನೆಗೆ ನೋಟೀಸು ಹೋಗುವ ಮೊದಲು ಇಬ್ಬರು ಸದಸ್ಯರು ಹೋಗಿ ಬರಲಿ. ಅನಾರೋಗ್ಯ, ಕೆಲಸ ಹೋದದ್ದು, ಮನಸ್ತಾಪ - ಕಾರಣ ಅಲ್ಲಿಯೇ ತಿಳಿಯುತ್ತದೆ.

ಹೊಣೆಯ ಹಸ್ತಾಂತರ

ನಮ್ಮ ಸಂಘಗಳಿಗೆ ತಗಲುವ ದೊಡ್ಡ ರೋಗ ಒಂದೇ ತಂಡ ಹತ್ತು ಹದಿನೈದು ವರ್ಷ ಮುಂದುವರಿಯುವುದು. 'ಬೇರೆ ಯಾರೂ ಮುಂದೆ ಬರುವುದಿಲ್ಲ' ಎಂಬ ಮಾತು ಹೆಚ್ಚಾಗಿ ನಿಜವೇ. ಆದರೆ ಮುಂದೆ ಬರುವವರನ್ನು ತಯಾರು ಮಾಡುವುದೂ ಅಧ್ಯಕ್ಷರ ಕೆಲಸವೇ ಆಗಿದೆ. ಜೊತೆ ಕಾರ್ಯದರ್ಶಿ, ಜೊತೆ ಖಜಾಂಚಿ ಸ್ಥಾನಗಳಿಗೆ ಕಿರಿಯರನ್ನೂ ಮಹಿಳೆಯರನ್ನೂ ಆರಿಸಿ, ಪುಸ್ತಕ ಬರೆಯಲು ಕಲಿಸಿ, ಬ್ಯಾಂಕಿಗೂ ಕಚೇರಿಗೂ ಜೊತೆಯಲ್ಲಿ ಕರೆದುಕೊಂಡು ಹೋಗಬೇಕು. ಅವಧಿ ಮುಗಿದ ದಿನ ನೋಂದಣಿ ಪತ್ರ, ಬೈಲಾ, ಪಾನ್ ಕಾರ್ಡ್, ಪಾಸ್ ಪುಸ್ತಕ, ರಶೀದಿ ಪುಸ್ತಕ, ನಡಾವಳಿ, ಬೀಗದ ಕೈ, ಪಾಸ್‌ವರ್ಡ್ ಇವೆಲ್ಲವನ್ನು ಪಟ್ಟಿ ಮಾಡಿ ಸಹಿಯೊಂದಿಗೆ ಒಪ್ಪಿಸಬೇಕು. ಇಳಿದವರು ಸಂಘ ಬಿಡದೆ ಸಲಹೆಗಾರರಾಗಿ ಹಿಂದಿನ ಸಾಲಿನಲ್ಲಿ ಕುಳಿತರೆ ಅದೇ ಸಂಘಕ್ಕೆ ದೊಡ್ಡ ಆಸ್ತಿ.

ಧರ್ಮಕೇಂದ್ರದೊಳಗಿನ ನೋಂದಣಿಯಾಗದ ಸಂಘಗಳಿಗೂ ಈ ಶಿಸ್ತು ಅಷ್ಟೇ ಬೇಕು. ಕೇಳುವ ಅಧಿಕಾರಿ ಇಲ್ಲದಿರಬಹುದು, ಆದರೆ ಹಣ ಊರವರದ್ದೇ. ಈ ವರ್ಷ ನಿಮ್ಮ ಸಂಘದ ಮಹಾಸಭೆಯ ಆಮಂತ್ರಣ ಬಂದಾಗ ದಯವಿಟ್ಟು ಹೋಗಿ. ಲೆಕ್ಕ ಓದಿ, ಒಂದು ಪ್ರಶ್ನೆ ಕೇಳಿ, ಒಂದು ಕೆಲಸ ವಹಿಸಿಕೊಂಡು ಬನ್ನಿ.