ಪರೇಲಿನ ಎರಡು ಆಸ್ಪತ್ರೆಗಳು ಮತ್ತು ಹೆಂಗಸರು ಹೇಳದ ತೊಂದರೆ

ಪರೇಲಿನ ಆಚಾರ್ಯ ದೋಂದೆ ಮಾರ್ಗದಲ್ಲಿ ಕೆಇಎಂ ಆಸ್ಪತ್ರೆ, ವಾಡಿಯಾ ಹೆರಿಗೆ ಆಸ್ಪತ್ರೆ ಎರಡೂ ಹತ್ತಿರ ಹತ್ತಿರ ಇವೆ. ಎರಡೂ ಶುರುವಾದದ್ದು 1926ರಲ್ಲಿ. ಸುತ್ತಮುತ್ತ ಆಗ ಬಟ್ಟೆ ಗಿರಣಿಗಳು, ಚಾಳುಗಳು. ಹೆರಿಗೆಯಾದ ಹೆಂಗಸು ಮೈ ಸುಧಾರಿಸುವ ಮೊದಲೇ ನೀರಿನ ಕೊಡ ಎತ್ತಬೇಕಿದ್ದ ಕಾಲ ಅದು.

ಅಂಥ ಮೈಗೆ ಬರುವ ತೊಂದರೆ ನಮಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಜಿನುಗುತ್ತದೆ. ಕೆಳಗೆ ಏನೋ ಜಾರಿ ಬಂದಂತೆ ಭಾರ. "ಹೆತ್ತವಳಿಗೆ ಇದೆಲ್ಲ ಇದ್ದದ್ದೇ" ಎಂದು ಮನೆಯ ಹಿರಿಯರು ಅಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತು!

ಈ ನಾಚಿಕೆಯನ್ನು ಅರ್ಥಮಾಡಿಕೊಂಡವರು ಮುಂಬೈಯಲ್ಲಿ ಹಿಂದೆಯೇ ಇದ್ದರು. ಗಂಡಸು ಡಾಕ್ಟರ ಹತ್ತಿರ ಹೋಗಲು ಒಪ್ಪದ ಹೆಂಗಸರಿಗೆ ಹೆಂಗಸು ಡಾಕ್ಟರೇ ಬೇಕೆಂದು ಎಡಿತ್ ಪೀಚಿಯವರನ್ನು 1883ರಲ್ಲಿ ಇಂಗ್ಲೆಂಡಿನಿಂದ ಕರೆಸಿಕೊಂಡರು. 1886ರಲ್ಲಿ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು.

ಆಮೇಲೆ ಬಂದವರು ಗೋವೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಹೆಸರು ಮಾಡಿದ ಡಾ. ವಿ. ಎನ್. ಶಿರೋಡ್ಕರ್ (1899–1971). ಗರ್ಭ ನಿಲ್ಲಲೆಂದು ಗರ್ಭಕೋಶದ ಬಾಯಿಗೆ ಹಾಕುವ 'ಶಿರೋಡ್ಕರ್ ಹೊಲಿಗೆ' 1955ರಿಂದ ಲೋಕಪ್ರಸಿದ್ಧ. ಜಾರಿದ ಗರ್ಭಕೋಶವನ್ನು ತೆಗೆಯದೆ, ಬೆನ್ನೆಲುಬಿನ ಬುಡಕ್ಕೆ ಪಟ್ಟಿಯಿಂದ ಎತ್ತಿ ಕಟ್ಟುವ ಆಪರೇಶನ್ನಿಗೂ ಅವರದೇ ಹೆಸರು. ಇನ್ನೂ ಮಕ್ಕಳು ಬೇಕಾದ ಎಳೆ ವಯಸ್ಸಿನವರಿಗೆ ಇದು ದೊಡ್ಡ ವರವಾಯಿತು. ಆದರೆ ಆಪರೇಶನ್ನಿನ ತನಕ ಹೋಗದಂತೆ ತಡೆಯುವ ದಾರಿ?

ಆ ದಾರಿಯೂ ಪರೇಲಿಗೆ ಬಂದಿತ್ತು, ಬೇರೆ ರೋಗದ ನೆಪದಲ್ಲಿ. ಮಗಳಿಗೆ ಪೋಲಿಯೋ ತಗುಲಿದ ಫಾತೇಮಾ ಇಸ್ಮಾಯಿಲ್ ಎಂಬ ತಾಯಿ 1947ರಲ್ಲಿ ಮುಂಬೈಯಲ್ಲಿ ಅಂಥ ಮಕ್ಕಳಿಗಾಗಿ ಕ್ಲಿನಿಕ್ ತೆರೆದರು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೆಇಎಂನಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ಆರಂಭವಾಯಿತು. ಸೋತ ಸ್ನಾಯುವಿಗೆ ವ್ಯಾಯಾಮ ಕೊಟ್ಟು ಬಲ ತುಂಬುವ ವಿದ್ಯೆ ಅದು.

ಅದೇ ಹೊತ್ತಿಗೆ, 1948ರಲ್ಲಿ, ಅಮೆರಿಕದ ಡಾ. ಆರ್ನಾಲ್ಡ್ ಕೀಗಲ್ ಹೆಂಗಸರ ಕೆಳಹೊಟ್ಟೆಯ ತಳದ ಸ್ನಾಯುಗಳಿಗೂ ಇದೇ ಮಾತು ಸಲ್ಲುತ್ತದೆ ಎಂದು ಬರೆದರು. ಮೂತ್ರಕೋಶ, ಗರ್ಭಕೋಶ, ಗುದ ಮೂರನ್ನೂ ಕೆಳಗಿನಿಂದ ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳಿವು. ಹೆರಿಗೆಯಲ್ಲಿ ಹಿಗ್ಗುತ್ತವೆ, ಹರಿಯುತ್ತವೆ. ಕಾಲಿನ ಸ್ನಾಯುವಿಗೆ ವ್ಯಾಯಾಮ ಬೇಕು ಅಂದರೆ ಒಪ್ಪುವ ನಾವು ಇವಕ್ಕೂ ಬೇಕು ಅಂದರೆ ನಾಚಿಕೊಳ್ಳುತ್ತೇವೆ.

ಫಲ ಇದೆಯೇ? ಖಂಡಿತ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವರದಿಯ ಪ್ರಕಾರ, ಕೆಮ್ಮು-ಸೀನಿಗೆ ಮೂತ್ರ ಸೋರುವವರಲ್ಲಿ ಈ ವ್ಯಾಯಾಮ ಮಾಡಿದ 100 ಮಂದಿಯಲ್ಲಿ ಸುಮಾರು 56 ಮಂದಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆ ಹೇಳಿದವರು ಕೇವಲ 6. ಗರ್ಭಕೋಶ ಸ್ವಲ್ಪವೇ ಜಾರಿದ್ದರೂ ಭಾರ, ತೊಂದರೆ ಕಡಿಮೆಯಾಗುತ್ತದೆ. ಪೂರ್ತಿ ಹೊರಬಂದಿದ್ದರೆ ಮಾತ್ರ ವ್ಯಾಯಾಮ ಒಂದರಿಂದಲೇ ಆಗದು, ಡಾಕ್ಟರರನ್ನು ನೋಡಲೇಬೇಕು.

ವಾಯು ಹೋಗದಂತೆ ಬಿಗಿಹಿಡಿದು ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳುವುದು, ಆಮೇಲೆ ಪೂರ್ತಿ ಸಡಿಲ ಬಿಡುವುದು. ಉಸಿರು ಕಟ್ಟಬಾರದು. ಒಮ್ಮೆಗೆ ಕನಿಷ್ಠ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಕೆಲವರಿಗೆ ಸ್ನಾಯು ಸೋತಿರುವುದಿಲ್ಲ, ಅತಿಯಾಗಿ ಬಿಗಿದಿರುತ್ತದೆ. ಅಂಥವರಿಗೆ ಗಂಡನ ಜೊತೆ ಸೇರುವಾಗಲೂ ನೋವು. ಅವರು ಸಡಿಲಿಸಲು ಕಲಿಯಬೇಕು, ಬಿಗಿಹಿಡಿದರೆ ನೋವು ಹೆಚ್ಚೀತು. ಅದಕ್ಕೇ ಪುಸ್ತಕ ನೋಡಿ ಮಾಡುವ ಬದಲು ತಿಳಿದ ಫಿಸಿಯೋ ಹತ್ತಿರ ಹೋಗಬೇಕು. ಒಳಪರೀಕ್ಷೆ ಬೇಕೆನಿಸಿದರೆ ಅವರು ನಿಮ್ಮ ಒಪ್ಪಿಗೆ ಕೇಳಿಯೇ ಮಾಡಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ.

ಮುಂಬೈಯ ಹೆಂಗಸರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಲೋಕಲ್ ಟ್ರೈನಿನಲ್ಲಿ ಶೌಚಾಲಯ ಇಲ್ಲ. ನನ್ನ ಡಬ್ಬಿಯ ಗೆಳತಿಯರು ಬೆಳಗ್ಗೆ ನೀರನ್ನೇ ಕುಡಿಯದೆ ಹೊರಡುತ್ತಿದ್ದರು. 1992ರಲ್ಲಿ ಚರ್ಚ್‌ಗೇಟಿನಿಂದ ಲೇಡೀಸ್ ಸ್ಪೆಶಲ್ ಶುರುವಾಗಿ ಕೂರಲು ಜಾಗ ಸಿಕ್ಕಿತು, ಈ ತಾಪತ್ರಯ ತಪ್ಪಲಿಲ್ಲ. ಬೀದಿಯಲ್ಲಿ ಹೆಂಗಸರಿಗೆ ಉಚಿತ, ಶುಚಿಯಾದ ಮೂತ್ರಾಲಯ ಬೇಕೆಂಬ 'ರೈಟ್ ಟು ಪೀ' ಚಳವಳಿ ಹುಟ್ಟಿದ್ದು 2011ರಲ್ಲಿ. ಆಗಲೇ ಈ ಮಾತು ಸಂಕೋಚ ಬಿಟ್ಟು ಪೇಪರಿಗೆ ಬಂತು.

ಬಾಣಂತನದಲ್ಲಿ ನಾವು ಕಷಾಯ, ಎಣ್ಣೆನೀರು, ಹೊಟ್ಟೆಗೆ ಬಟ್ಟೆ ಕಟ್ಟುವುದು ಎಲ್ಲ ಮರೆಯದೆ ಮಾಡಿಸುತ್ತೇವೆ. ಮಗಳಿಗೋ ಸೊಸೆಗೋ ಹೆರಿಗೆಯಾದಾಗ ಇನ್ನೊಂದು ಮಾತು ಸೇರಿಸಿ: "ಕೆಮ್ಮಿದರೆ ಏನಾದರೂ ಸೋರುತ್ತದೇನಮ್ಮ?" ಹೌದು ಅಂದರೆ, ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ನೀವೇ ಜೊತೆಗೆ ಹೋಗಿ. ಅರುವತ್ತಾದವರೂ ಹೋಗಬಹುದು, ತಡವಾಯಿತು ಅಂತೇನಿಲ್ಲ.