ಬೆರಕೆ ಸೊಪ್ಪಿಗೆ ಯಾವ ಕಾಲಂ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗುವವರಿಗೆ ಪುಣಜನೂರು ಅಂದ್ರೆ ಒಂದು ಚೆಕ್‌ಪೋಸ್ಟು, ಅಷ್ಟೇ. ಅಲ್ಲಿಂದ ಮುಂದೆ ಕಾಡು, ಕಾಡು ದಾಟಿದರೆ ತಮಿಳುನಾಡಿನ ಹಾಸನೂರು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೇ ಊರಿನ ಹೆಸರು. ಸುತ್ತಮುತ್ತ ಸೋಲಿಗರ ಪೋಡುಗಳಿವೆ.

ಇಂಥ ಒಂದು ಪೋಡಿನ ಹೆಣ್ಣುಮಗಳು ದಿನಕ್ಕೆ ಎಷ್ಟು ಕಬ್ಬಿಣ, ಎಷ್ಟು ಕ್ಯಾಲ್ಸಿಯಂ ತಿಂತಾಳೆ ಅಂತ ತಿಳಿಯೋದು ಹೇಗೆ? ತಮಾಷೆಗೆ ಕೇಳಿದ್ದಲ್ಲ. ರೇಷನ್ನಿನಲ್ಲಿ ಏನು ಕೊಡಬೇಕು, ಅಂಗನವಾಡಿ ಊಟದಲ್ಲಿ ಏನಿರಬೇಕು, ಬಸುರಿಗೆ ಯಾವ ಮಾತ್ರೆ ಕೊಡಬೇಕು ಅನ್ನೋದೆಲ್ಲ ಕೊನೆಗೆ ಇಂಥ ಲೆಕ್ಕದ ಮೇಲೇ ನಿಲ್ಲುತ್ತೆ. ಈಗಂತೂ ಲಕ್ಷಗಟ್ಟಲೆ ಜನರ ಊಟವನ್ನು ಕಂಪ್ಯೂಟರಿನ ಪ್ರಶ್ನಾವಳಿಯಿಂದಲೇ ಅಳೆಯುತ್ತಾರೆ. ಆ ಪ್ರಶ್ನಾವಳಿಯ ಹಿಂದೆ ನೂರು ವರ್ಷದ ಕಥೆ ಇದೆ. ನಮ್ಮ ದೇಶದ ಮಟ್ಟಿಗೆ ಅದು ಶುರುವಾಗಿದ್ದು ಪುಣಜನೂರಿಗೆ ಬಹಳ ದೂರವಲ್ಲದ ಜಾಗದಲ್ಲಿ.

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ, ಊಟಿ ಹತ್ತಿ ಆ ಕಡೆ ಇಳಿದರೆ ಕೂನೂರು. ಅಲ್ಲಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನೋ ವೈದ್ಯ ಬೆರಿಬೆರಿ ರೋಗದ ಬಗ್ಗೆ ಸಂಶೋಧನೆ ಶುರು ಮಾಡಿದ. ಮುಂದೆ ಆತ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತ್ಯದವರ ಊಟ ಹಾಕಿ ನೋಡಿದ. ಸಿಖ್ಖರ ಊಟ ತಿಂದ ಇಲಿಗಳು ಗಟ್ಟಿಮುಟ್ಟಾಗಿ ಬೆಳೆದವು, ಅಕ್ಕಿಯೇ ಹೆಚ್ಚಿದ್ದ ಮದರಾಸಿ ಊಟದ ಇಲಿಗಳು ಸೊರಗಿದವು. ಆ ಸಣ್ಣ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಆಯಿತು.

ಇಲಿ ಎಷ್ಟು ತಿಂತು ಅಂತ ಅಳೆಯೋದು ಸುಲಭ, ಬೋನಿನಲ್ಲಿರುತ್ತೆ. ಮನುಷ್ಯರದ್ದು? ಅದಕ್ಕೆ ಎರಡು ಸಂಗತಿ ಗೊತ್ತಿರಬೇಕು. ಏನನ್ನು ಎಷ್ಟು ತಿಂದರು ಅನ್ನೋದು ಒಂದು, ಆ ತಿಂಡಿಯಲ್ಲಿ ಏನೇನಿದೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬಂದಿದ್ದೂ ಕೂನೂರಿನಿಂದಲೇ. 1935ರಲ್ಲಿ ಅಲ್ಲಿನ ಮುಖ್ಯಸ್ಥನಾಗಿ ಬಂದ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಬಗ್ಗೆ ಒಂದು ಸಣ್ಣ ಪುಸ್ತಕ ತಂದ. ರಾಗಿಯಲ್ಲಿ ಇಷ್ಟು, ಅವರೆಯಲ್ಲಿ ಇಷ್ಟು ಅಂತ ಕೋಷ್ಟಕ. 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರು ತಂದ ಪ್ರಸಿದ್ಧ ಪುಸ್ತಕ ಅದರ ಮುಂದುವರಿಕೆ. 2017ರಲ್ಲಿ 528 ಆಹಾರಗಳ ಹೊಸ ಕೋಷ್ಟಕ ಬಂತು.

ಈ ಕೋಷ್ಟಕದ ಮಹಿಮೆ ನೋಡಿ. ಹಳೆಯ ಪುಸ್ತಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 3.9 ಮಿಲಿಗ್ರಾಂ ಕಬ್ಬಿಣ, 2017ರದ್ದರಲ್ಲಿ 4.62. ದಿನಕ್ಕೆ 300 ಗ್ರಾಂ ಹಿಟ್ಟಿನ ಮುದ್ದೆ ತಿನ್ನುವವರಿಗೆ ಪುಸ್ತಕ ಬದಲಾಯಿಸಿದ್ದಕ್ಕೇ ಎರಡು ಮಿಲಿಗ್ರಾಂ ಕಬ್ಬಿಣ ಜಾಸ್ತಿ ಸಿಕ್ಕಿತು! ಮುದ್ದೆ ಅದೇ, ತಿನ್ನುವವರೂ ಅವರೇ :-)

ಇನ್ನು ಮೊದಲ ಪ್ರಶ್ನೆ, ಎಷ್ಟು ತಿಂದರು? ಹಳೆಯ ವಿಧಾನ ಅಂದ್ರೆ ತಕ್ಕಡಿ. ಸಮೀಕ್ಷೆಯವರು ಮನೆಗೇ ಬಂದು, ಒಲೆಗೆ ಹೋಗುವ ಮುಂಚೆ ಅಕ್ಕಿ, ಬೇಳೆ, ಸೊಪ್ಪು ಎಲ್ಲವನ್ನೂ ತೂಗುತ್ತಿದ್ದರು. ಉಣ್ಣುವವರನ್ನೂ ಲೆಕ್ಕ ಹಾಕುತ್ತಿದ್ದರು: ದೊಡ್ಡ ಗಂಡಸು ಒಂದು, ಹೆಂಗಸರು ಮಕ್ಕಳು ಅದರ ಇಂತಿಷ್ಟು ಭಾಗ ಅಂತ. ಇದರಲ್ಲಿ ದೊಡ್ಡ ತೊಂದರೆ ಒಂದಿತ್ತು. ಮನೆಗೆ ಎಷ್ಟು ಬಂತು ಅಂತ ಗೊತ್ತಾಗುತ್ತಿತ್ತು, ಕೊನೆಗೆ ಉಣ್ಣಲು ಕೂತ ಸೊಸೆಯ ತಟ್ಟೆಗೆ ಎಷ್ಟು ಬಿತ್ತು ಅಂತ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ಪರಿಹಾರವಾಗಿ ಬಂದದ್ದು 24 ಗಂಟೆಯ ನೆನಪಿನ ವಿಧಾನ. ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಹೇಳಿ ಅಂತ ಒಬ್ಬೊಬ್ಬರನ್ನೇ ಕೇಳೋದು. 1972ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಮೇಲ್ವಿಚಾರಣಾ ಬ್ಯೂರೋ ಶುರುವಾದಾಗ ಅದರ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅವರ ಸಿಬ್ಬಂದಿ ಹಳ್ಳಿಗೆ ಹೋಗುವಾಗ ಅಳತೆಯ ಬಟ್ಟಲುಗಳ ಒಂದು ಸೆಟ್ ಒಯ್ಯುತ್ತಿದ್ದರು. 'ಸಾರು ಇದರಲ್ಲಿ ಎಷ್ಟಾಗುತ್ತೆ ತೋರಿಸಿ' ಅಂದ್ರೆ ಮನೆಯಾಕೆ ಬಟ್ಟಲು ತೋರಿಸುತ್ತಿದ್ದಳು. ಬುಡಕಟ್ಟು ಪ್ರದೇಶಗಳಿಗೇ ಪ್ರತ್ಯೇಕ ಸಮೀಕ್ಷೆಗಳೂ ನಡೆದವು: 1985-87, 1998-99, 2007-08. ದುಬಾರಿ ಕೆಲಸ, ನಿಧಾನದ ಕೆಲಸ. 2015ರಲ್ಲಿ ಆ ಬ್ಯೂರೋವನ್ನೇ ಮುಚ್ಚಿದರು.

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ದಾರಿ ಹುಟ್ಟಿತ್ತು. ಸಾವಿರಾರು ಜನರನ್ನು ಹತ್ತಿಪ್ಪತ್ತು ವರ್ಷ ಹಿಂಬಾಲಿಸಿ, ಯಾರಿಗೆ ಹೃದಯರೋಗ ಬಂತು, ಯಾರಿಗೆ ಕ್ಯಾನ್ಸರ್ ಬಂತು ಅಂತ ನೋಡಬೇಕು. ಅಷ್ಟೂ ಮನೆಗೆ ತಕ್ಕಡಿ ಒಯ್ಯೋಕೆ ಆಗುತ್ತಾ? ಬಾಸ್ಟನ್ನಿನ ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು ದಾದಿಯರ ಆರೋಗ್ಯ ಅಧ್ಯಯನಕ್ಕೆ 1980ರಲ್ಲಿ 61 ಆಹಾರಗಳ ಒಂದು ಪಟ್ಟಿ ಮಾಡಿದರು. ಹೋದ ವರ್ಷ ಇದನ್ನು ಎಷ್ಟು ಸಲ ತಿಂದಿರಿ? ದಿನಾ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ? ಟಿಕ್ ಹಾಕಿ, ಅಂಚೆಗೆ ಹಾಕಿ. ಪಟ್ಟಿ ಎಷ್ಟು ನಂಬಬಹುದು ಅಂತ 173 ಹೆಂಗಸರಿಂದ ವಾರಗಟ್ಟಲೆ ಊಟ ತೂಗಿಸಿ, ಹೋಲಿಸಿ, 1985ರಲ್ಲಿ ಪ್ರಕಟಿಸಿದರು.

ಇಲ್ಲೊಂದು ತಿರುವು ಇದೆ, ಗಮನಿಸಿ. ತಕ್ಕಡಿ ಹಿಡಿದು ಬಂದವನು ಒಲೆ ಮುಂದೆ ಇದ್ದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಅವನಿಗೆ ಹೆಸರು ಗೊತ್ತಿಲ್ಲದ ಸೊಪ್ಪಿದ್ದರೆ 'ಇದೇನಮ್ಮಾ?' ಅಂತ ಕೇಳಬಹುದಿತ್ತು. ಪಟ್ಟಿ ಹಾಗಲ್ಲ. ಪಟ್ಟಿ ಬರೆದವರ ಅಡುಗೆಮನೆಯಲ್ಲಿ ಏನಿತ್ತೋ ಅದಷ್ಟನ್ನೇ ಕೇಳುತ್ತೆ.

ನಮ್ಮಲ್ಲಿ ಇದನ್ನು ಮೊದಲು ಅರ್ಥ ಮಾಡಿಕೊಂಡವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಇದ್ದಾರೆ. 'ಪ್ಯೂರ್' ಅನ್ನೋ ಅಂತರರಾಷ್ಟ್ರೀಯ ಅಧ್ಯಯನಕ್ಕೆ ದಕ್ಷಿಣ ಭಾರತದ ಪ್ರಶ್ನಾವಳಿ ಬೇಕಾದಾಗ ಹೊರಗಿನ ಪಟ್ಟಿಯನ್ನು ಅನುವಾದ ಮಾಡಿ ಮುಗಿಸಲಿಲ್ಲ. ಪಟ್ಟಿಯನ್ನೂ ಅದಕ್ಕೆ ಬೇಕಾದ ಪೋಷಕಾಂಶಗಳ ಕೋಷ್ಟಕವನ್ನೂ ಇಲ್ಲಿನ ಊಟಕ್ಕೆ ತಕ್ಕಂತೆ ಕಟ್ಟಿದರು. ಅದರ ಕಷ್ಟಸುಖದ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಇಡ್ಲಿ ಬೆಳೆಯೋದಿಲ್ಲ, ಬೇಯಿಸ್ತಾರೆ. ಅದರಲ್ಲಿ ಎಷ್ಟು ಅಕ್ಕಿ, ಎಷ್ಟು ಉದ್ದು ಅನ್ನೋದು ಮನೆಯಿಂದ ಮನೆಗೆ ಬೇರೆ. ಹುಳಿ, ಸಾರು, ಗೊಜ್ಜುಗಳಂತೂ ಕೇಳಲೇಬೇಡಿ!

ಸರಿ, ಪಟ್ಟಿ ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳೋಣ. ಜನ ನಿಜ ಹೇಳ್ತಾರಾ? ಅಮೆರಿಕದಲ್ಲಿ 1999-2000ದಲ್ಲಿ 484 ಜನರ ಮೇಲೆ 'ಓಪನ್' ಅನ್ನೋ ಅಧ್ಯಯನ ನಡೆಯಿತು. ವಿಶೇಷ ನೀರು ಕುಡಿಸಿ, ದೇಹ ನಿಜವಾಗಿ ಖರ್ಚು ಮಾಡಿದ ಶಕ್ತಿಯನ್ನು ಮೂತ್ರದಿಂದ ಅಳೆದರು. ಪಟ್ಟಿಯ ಪ್ರಶ್ನಾವಳಿಯಲ್ಲಿ ಗಂಡಸರು ತಿಂದದ್ದಕ್ಕಿಂತ 31ರಿಂದ 36 ಶೇಕಡಾ, ಹೆಂಗಸರು 34ರಿಂದ 38 ಶೇಕಡಾ ಕಡಿಮೆ ಹೇಳಿದ್ದರು. 24 ಗಂಟೆಯ ನೆನಪಿನ ವಿಧಾನದಲ್ಲಿ ತಪ್ಪು ಇದರ ಅರ್ಧದಷ್ಟೇ. ಸುಳ್ಳು ಅಂತ ಅಲ್ಲ. ನಾವೂ ಕಾಫಿ ಜೊತೆ ತಿಂದ ಬಿಸ್ಕತ್ತನ್ನು ಎಲ್ಲಿ ನೆನಪಿಟ್ಟಿರ್ತೀವಿ ಹೇಳಿ?

ಪಟ್ಟಿಗೆ ಹೊರಗಿನ ಸಾಕ್ಷಿ ಬೇಕು ಅನ್ನೋದಕ್ಕೆ ಮೈಸೂರಿನ ಉದಾಹರಣೆಯೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ರಕ್ತ ಪರೀಕ್ಷೆ ಮಾಡಿದಾಗ 100ಕ್ಕೆ 43 ಜನರಲ್ಲಿ ಬಿ12 ವಿಟಮಿನ್ ಕಡಿಮೆ ಇತ್ತು. ತಿಂದದ್ದು ಬೇರೆ, ಮೈಗೆ ಹತ್ತಿದ್ದು ಬೇರೆ. ಅದನ್ನು ರಕ್ತವೇ ಹೇಳಬೇಕು.

ಇನ್ನು ಅಂತರ್ಜಾಲದ ಕಾಲ. ಬ್ರಿಟನ್ನಿನಲ್ಲಿ ಯುಕೆ ಬಯೋಬ್ಯಾಂಕ್ ಅಂತ ಐದು ಲಕ್ಷ ಜನರ ಅಧ್ಯಯನ ಇದೆ. ಅದಕ್ಕೆ ಆಕ್ಸ್‌ಫರ್ಡಿನವರು ನಿನ್ನೆಯ ಊಟ ಕೇಳುವ ಒಂದು ಆನ್‌ಲೈನ್ ಪ್ರಶ್ನಾವಳಿ ಮಾಡಿದರು. ಸುಮಾರು ಇನ್ನೂರು ಆಹಾರ, ಮೂವತ್ತು ಪಾನೀಯ, ಹನ್ನೆರಡು ಹದಿಮೂರು ನಿಮಿಷದ ಕೆಲಸ. ಟಿಕ್ ಮಾಡಿದ ಕೂಡಲೇ ಪೋಷಕಾಂಶಗಳ ಲೆಕ್ಕವನ್ನು ಕಂಪ್ಯೂಟರೇ ಹಾಕುತ್ತೆ. 2009ರಿಂದ 2012ರೊಳಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಯಾದರೂ ತುಂಬಿದರು. ಒಬ್ಬರಿಂದಲೇ ಹಲವು ಸಲ ಕೇಳಬಹುದು, ಅದು ದೊಡ್ಡ ಅನುಕೂಲ. ಒಂದು ದಿನದ ಹಬ್ಬದೂಟವೋ ಉಪವಾಸವೋ ಲೆಕ್ಕ ಕೆಡಿಸೋದಿಲ್ಲ. ಆದರೆ ತುಂಬಿದವರು ಹೆಚ್ಚಾಗಿ ಓದಿದವರು, ಸ್ಥಿತಿವಂತರು.

ನಮ್ಮ ಕಡೆಗೆ 'ಇಂಟೇಕ್24' ಅನ್ನೋ ಇಂಥದೇ ಸಾಧನದ ದಕ್ಷಿಣ ಏಷ್ಯಾದ ಆವೃತ್ತಿ ಬಂದಿದೆ. ಅದರಲ್ಲಿ ನಮ್ಮ ಉಪಖಂಡದ ಊಟದ ಹೆಸರುಗಳಿವೆ. ಇಲ್ಲಿ ಮಾತ್ರ ತರಬೇತಾದವರು ಎದುರು ಕೂತು ಕೇಳಿ ತುಂಬುತ್ತಾರೆ. ಕಂಪ್ಯೂಟರ್ ಬಂದರೂ ಎದುರಿಗೆ ಒಬ್ಬರು ಬೇಕೇ ಬೇಕಾಯಿತು ನೋಡಿ.

ಈಗ ಪುಣಜನೂರಿಗೆ ವಾಪಸ್ಸು ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ದೇಶದ ದೊಡ್ಡ ಸಮೀಕ್ಷೆ. 2015-16ರಿಂದ ಅದೂ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಿದೆ. ಅದರಲ್ಲಿ 'ಹಸಿರು ಸೊಪ್ಪು ತರಕಾರಿ ಎಷ್ಟು ಸಲ ತಿಂತೀರಿ' ಅಂತ ಒಂದೇ ಪ್ರಶ್ನೆ: ದಿನಾ, ವಾರಕ್ಕೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ. ನಮ್ಮ ಕಡೆಯ ಬೆರಕೆ ಸೊಪ್ಪು ಗೊತ್ತಲ್ಲ? ಅಣ್ಣೆ, ಗಣಿಕೆ, ಹೊನಗೊನೆ, ಕಿರಕೀರೆ, ಹೊಲದ ಬದುವಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಸೇರಿಸಿ ಮಾಡುವ ಸಾರು. ಅಷ್ಟೂ ಒಂದು ಟಿಕ್. ಕಾಡಂಚಿನವರಿಗೆ ಇದರ ಜೊತೆ ಕಾಡಿನ ಗೆಡ್ಡೆ, ಕಳಲೆ, ಅಣಬೆ, ನೆಲ್ಲಿ, ಜೇನು. ಒಂದೊಂದಕ್ಕೂ ಒಂದೊಂದು ಕಾಲ. ಸಮೀಕ್ಷೆಯವರು ಬಂದ ತಿಂಗಳು ಅಣಬೆಯ ಕಾಲವಲ್ಲದಿದ್ದರೆ ಅಣಬೆ ಇಲ್ಲ.

ಐದು ಲಕ್ಷ ಜನರನ್ನು ಕೇಳಿದರೆ ಸಣ್ಣಪುಟ್ಟ ತಪ್ಪುಗಳು ಸರಿದೂಗುತ್ತವೆ ಅಂತಾರೆ. ಒಬ್ಬ ಹೆಚ್ಚು ಹೇಳಿದ, ಇನ್ನೊಬ್ಬ ಕಡಿಮೆ ಹೇಳಿದ, ಸರಾಸರಿಯ ಮಟ್ಟಿಗೆ ನಿಜ. ಆದರೆ ಕೇಳದೇ ಬಿಟ್ಟ ಪ್ರಶ್ನೆಗೆ ಐವತ್ತು ಲಕ್ಷ ಜನರಿಂದಲೂ ಉತ್ತರ ಬರೋದಿಲ್ಲ.

ಇದರಿಂದ ಏನು ನಷ್ಟ ಅಂತೀರಾ? ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೋಲಿಗರ ಕಾಡಿನ ಬೇಸಾಯ ನಿಂತಿತು. ಕಿರು ಅರಣ್ಯ ಉತ್ಪನ್ನ ಸಂಗ್ರಹಕ್ಕೆ ನಡುವೆ ನಿಷೇಧ ಬಂತು. 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯದ ಹಕ್ಕುಗಳಿಗೆ ಮಾನ್ಯತೆಯೂ ಸಿಕ್ಕಿತು. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಬಂತು, ಹಸಿವಿಗೆ ದೊಡ್ಡ ಆಸರೆ ಆಯಿತು. ಇಷ್ಟೆಲ್ಲ ಬದಲಾದಾಗ ತಟ್ಟೆಯಲ್ಲಿ ಏನು ಬಂತು, ಏನು ಹೋಯಿತು? ಬಂದ ಅಕ್ಕಿ ಎಲ್ಲ ಪಟ್ಟಿಯಲ್ಲೂ ಇದೆ, ಕಿಲೋ ಲೆಕ್ಕದಲ್ಲಿ. ಹೋದ ಗೆಡ್ಡೆ ಮೊದಲೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಹೋದದ್ದೂ ಲೆಕ್ಕದಲ್ಲಿ ಕಾಣೋದಿಲ್ಲ. ಕಾಗದದ ಮೇಲೆ ಬರೀ ಲಾಭವೇ!

ಹಾಗಂತ ಆನ್‌ಲೈನ್ ಪ್ರಶ್ನಾವಳಿ ಬೇಡ ಅಂತ ನಾನು ಹೇಳ್ತಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಮನೆಮನೆಗೆ ತಕ್ಕಡಿ ಒಯ್ಯೋದು ಆಗದ ಮಾತು. ಪ್ರತಿ ಪ್ರದೇಶದಲ್ಲಿ ಕೆಲವೇ ಮನೆಗಳಲ್ಲಾದರೂ, ವರ್ಷದ ಬೇರೆ ಬೇರೆ ಕಾಲದಲ್ಲಿ ಹೋಗಿ, ಒಲೆ ಮುಂದೆ ಕೂತು, 'ಇದೇನಮ್ಮಾ?' ಅಂತ ಕೇಳಿ, ಆಮೇಲೆ ಪಟ್ಟಿ ಮಾಡಲಿ. ಕಂಪ್ಯೂಟರಿನಲ್ಲಿ ಪಟ್ಟಿ ಉದ್ದ ಮಾಡೋಕೆ ಕಾಗದದ ಖರ್ಚಂತೂ ಇಲ್ಲವಲ್ಲ.

ನಿಮ್ಮೂರಿನ ಬೆರಕೆ ಸೊಪ್ಪಿನಲ್ಲಿ ಏನೇನು ಹಾಕ್ತಾರೆ? ಮನೆಯ ಹಿರಿಯರನ್ನು ಕೇಳಿ, ಹೆಸರುಗಳನ್ನು ಕಾಮೆಂಟಿನಲ್ಲಿ ಬರೆಯಿರಿ. ಯಾವ ಕೋಷ್ಟಕದಲ್ಲೂ ಸಿಗದ ನಾಲ್ಕು ಹೆಸರು ಇಲ್ಲಾದರೂ ಉಳಿಯಲಿ.